ಆರು ಗುರುವಾರ

ವಿರಾಜಪೇಟೆ, ಗಡಿಯಾರ ಕಂಬದ ಹಿಂದಿನ ಓಣಿ,
ಕರಿಮೆಣಸು ಮಂಡಿಯ ಮೇಲಿನ ಮಹಡಿ.
ಮೆಟ್ಟಿಲು ಹತ್ತುವಾಗಲೇ ಘಾಟು.
ಮೊದಲ ಗುರುವಾರ ಇಬ್ಬರೂ ಒಟ್ಟಿಗೇ ಸೀನಿದೆವು.
ಝುಬೈದಾ ವಕೀಲೆ ನಕ್ಕರು:
"ಸರಿ, ಒಂದು ವಿಷಯದಲ್ಲಂತೂ ಒಮ್ಮತ."

ದುಂಡು ಮೇಜು. ಎದುರುಬದುರು ಅನ್ನುವುದೇ ಇಲ್ಲ ಅದಕ್ಕೆ.
ನನ್ನ ಕಡೆಗೆ ಝುಬೈದಾ, ಬಿದ್ದಪ್ಪನ ಕಡೆಗೆ ಕುಶಾಲಪ್ಪ ವಕೀಲರು,
ನಡುವೆ ಫ್ಲಾಸ್ಕು, ಬಿಳಿ ಕಾಗದ, ಒಂದು ಕರಾರು:
ನಮ್ಮಲ್ಲಿ ಯಾರೇ ಎದ್ದು ಹೋಗಿ ಖಟ್ಲೆ ಹೂಡಿದರೂ
ಈ ವಕೀಲರಿಬ್ಬರೂ ಕಡತ ಕಟ್ಟಿಟ್ಟು ಹೊರಗೆ.
ಜಗಳಕ್ಕೆ ಹೊಸಬರನ್ನು ಹುಡುಕಬೇಕು,
ಮೊದಲಿಂದ ಎಲ್ಲ ಹೇಳಬೇಕು.
ಅಷ್ಟು ಶಕ್ತಿ ಯಾರಿಗಿತ್ತು.

ತಮ್ಮ ಹೇಳಿದ್ದ, ಮಡಿಕೇರಿ ಕೋರ್ಟಿಗೆ ಎಳೆ ಅವನನ್ನು,
ಕುಡಿತ ಅಂತ ಬರೆಸು, ಹೊಡೆತ ಅಂತ ಬರೆಸು.
ಹೊಡೆದಿಲ್ಲವಲ್ಲ, ಎಂದೆ.
"ಅದೆಲ್ಲ ವಕೀಲರು ನೋಡಿಕೊಳ್ಳುತ್ತಾರೆ."

ನಮ್ಮದು ಹೋಂಸ್ಟೇ. ಐದು ಕೋಣೆ, ಒಂದು ನಾಯಿ.
ಅತಿಥಿಗಳ ಪುಸ್ತಕದಲ್ಲಿ ಯಾರೋ ಬರೆದಿದ್ದಾರೆ:
ಪಂದಿಕರಿ ಚೆನ್ನಾಗಿತ್ತು, ಅದಕ್ಕಿಂತ ಈ ದಂಪತಿಯ ಅನ್ಯೋನ್ಯ.
ಹೌದು, ಕಡಂಬುಟ್ಟಿನ ತಟ್ಟೆ ಅವನ ಕೈಯಿಂದ ನನ್ನ ಕೈಗೆ
ಬೆರಳು ತಾಗದಂತೆ ದಾಟುತ್ತಿತ್ತು, ನಾಲ್ಕು ವರ್ಷ.
ನೋಡಿದವರಿಗೆ ಹೊಂದಾಣಿಕೆ.
ಸುಳ್ಳೂ ಅಲ್ಲ.

ಎರಡನೇ ಗುರುವಾರ ಬ್ಯಾಂಕಿನ ಸಾಲ. ಮೂರನೆಯದು ಆಸ್ತಿ.
ಹೋಂಸ್ಟೇ ನಾನು ನಡೆಸುವುದು, ಲಾಭದ ಮೂರನೇ ಒಂದು ಅವನಿಗೆ.
ಕೋವಿ ಅವನ ಒಕ್ಕದ್ದು, ಮಾತೇ ಬರಲಿಲ್ಲ.
ಮಾತು ಬಂದದ್ದು ಕಾಚಂಪುಳಿ ಸೀಸೆಗೆ.
ನನ್ನ ಅವ್ವ ಕಾಯಿಸಿ ಕೊಟ್ಟದ್ದು, ಕೀಲೆಣ್ಣೆಯಂತೆ ಕಪ್ಪು;
ಅವಳು ಹೋಗಿ ಒಂಬತ್ತು ವರ್ಷ, ಹುಳಿ ಹೋಗಿಲ್ಲ.
"ಅದು ನನಗೆ ಬೇಕು" ಅಂದ ಬಿದ್ದಪ್ಪ.
ಅರ್ಧ ಗಂಟೆ. ಐದು ಕೋಣೆಗೂ ಅಷ್ಟು ಹಿಡಿದಿರಲಿಲ್ಲ.
ಕುಶಾಲಪ್ಪ ಮೆಲ್ಲಗೆ ಕೇಳಿದರು, ಅದರಲ್ಲೇನಿದೆ ನಿನಗೆ?
"ಆ ಮನೆಯಲ್ಲಿ ನನ್ನನ್ನು ಉಣ್ಣು ಅಂದವಳು ಅವಳೊಬ್ಬಳೇ."
ಹದಿನಾಲ್ಕು ವರ್ಷ, ನನ್ನ ಕಿವಿಗೆ ಬೀಳದ ಮಾತು.
ಇದನ್ನು ಯಾವ ಕಲಮಿನ ಕೆಳಗೆ ಬರೆಯುವುದು?

ಸೀಸೆ ಎರಡಾಯಿತು.
ಅಳೆದು ಸುರಿದವಳು ನಾನೇ.

ನಾಲ್ಕನೇ ಗುರುವಾರ ಕೆಟ್ಟದಾಗಿತ್ತು. ಅದನ್ನು ಬರೆಯುವುದಿಲ್ಲ.

ಐದನೆಯದು ದೇಚು. ಹನ್ನೊಂದು ವರ್ಷ, ಹೆಗಲ ಮೇಲೆ ಹಾಕಿ ಸ್ಟಿಕ್ಕು.
ಶಾಲೆಯ ದಿನ ನನ್ನಲ್ಲಿ, ಶನಿವಾರ ಭಾನುವಾರ ಅವನಲ್ಲಿ.
ಕೈಲ್‌ಪೊಳ್ದ್ ನನ್ನ ಜೊತೆ. ಪುತ್ತರಿಗೆ ಅವನ ಐನ್‌ಮನೆ,
ಕದಿರು ತೆಗೆಯುವಾಗ ಮಗು ಅಲ್ಲಿರಬೇಕು; ಬಿಟ್ಟುಕೊಟ್ಟೆ,
ಕೊಡುವಾಗ ಮೇಜಿನ ಅಂಚು ಹಿಡಿದುಕೊಂಡಿದ್ದೆ.
ಅವಳೂ ಒಂದು ಚೀಟಿ ಕಳಿಸಿದ್ದಳು: "ಮತ್ತೆ ನಾಯಿ?"
ಕುಶಾಲಪ್ಪ ಕನ್ನಡಕ ಏರಿಸಿ ಓದಿ ಕರಾರಿಗೆ ಸೇರಿಸಿದರು:
ಸದರಿ ನಾಯಿಯು ದೇಚುವಿನ ಜೊತೆ ಓಡಾಡತಕ್ಕದ್ದು.

ಮದುವೆಯ ದಿನ ನನ್ನ ಕಡೆಯ ಅರುವ, ಮಂದಣ್ಣಜ್ಜ,
ಕಲ್ಲಿನ ಹರಳು ಎಣಿಸಿದ್ದು ನೆನಪು:
ಹನ್ನೊಂದು ಸೆರಗಿಗೆ ಕಟ್ಟಿದರು, ಒಂದನ್ನು ಉಳಿಸಿಕೊಂಡರು,
ಹೆಣ್ಣು ತಿರುಗಿ ಬಂದರೆ ಮನೆಯಲ್ಲಿ ಪಾಲಿರಲಿ ಅಂತ.
ಆರನೆಯ ಗುರುವಾರಕ್ಕೆ ಮೊದಲು ಹೋಗಿ ಕೇಳಿದೆ, ಆ ಕಲ್ಲು?
"ಯಾವ ಹಲ್ಲು?"
ಕಿವಿ ಮಂದ. ಎರಡು ಸಲ ಕೂಗಿದೆ.
"ಅಯ್ಯೋ, ಕಲ್ಲನ್ನು ಯಾರಾದರೂ ಇಟ್ಟುಕೊಳ್ಳುತ್ತಾರಾ!
ಮಾತು ಇಟ್ಟುಕೊಳ್ಳುವುದು. ಊಟ ಆಯಿತಾ ನಿನ್ನದು?"

ಆಮೇಲೆ ಮಡಿಕೇರಿ. ಇಬ್ಬರದೂ ಸೇರಿ ಒಂದೇ ಅರ್ಜಿ.
ಆರು ತಿಂಗಳು ಬಿಟ್ಟು ಬಂದು ಮತ್ತೊಮ್ಮೆ ಹೌದು ಅನ್ನಬೇಕಂತೆ;
ಮದುವೆಗೆ ಒಂದು ಸಲ ಅಂದಿದ್ದರೆ ಸಾಕಿತ್ತು.
ನನ್ನ ಸ್ಕೂಟರು ಕೆಟ್ಟಿತ್ತು, ಅವನ ಜೀಪಿನಲ್ಲೇ ಹಿಂತಿರುಗಿದೆ.
ಮೂರ್ನಾಡಿನಲ್ಲಿ ನಿಲ್ಲಿಸಿ ಎರಡು ಕಾಫಿ ಹೇಳಿದ.
ಹೋಟೆಲಿನ ಹುಡುಗ ಏನೂ ಕೇಳದೆ
ಬಿಲ್ಲು ಒಂದೇ ತಂದಿಟ್ಟ.
ಅವನು ಜೇಬು ತಡಕಿದ, ನಾನು ಪರ್ಸು ಬೋರಲು ಹಾಕಿದೆ,
ಚಿಲ್ಲರೆ ಎಣಿಸಿ ಎಣಿಸಿ ಮೇಜಿನ ಮೇಲಿಟ್ಟೆವು.
ಎರಡು ರೂಪಾಯಿ ಹೆಚ್ಚಿತ್ತು.
ಯಾರೂ ತೆಗೆದುಕೊಳ್ಳಲಿಲ್ಲ.